ಫ್ರೀ ಕೋಡ್ ಹುಡುಕುವ ಮಕ್ಕಳಿಗೆ ಪೂರ್ತಿ ವಿಷಯ ಹೇಳಿ

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಸಣ್ಣದೊಂದು ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದೇನೆ. ರೀಚಾರ್ಜ್, ಝೆರಾಕ್ಸ್, ಟೆಂಪರ್ ಗ್ಲಾಸ್, ಚಾರ್ಜರ್ ವೈರ್, ಇಷ್ಟೇ ನನ್ನ ವ್ಯಾಪಾರ. ಹದಿನಾರು ವರ್ಷದಿಂದ ಇದೇ ಕೌಂಟರ್ ಹಿಂದೆ ಕೂತಿದ್ದೇನೆ. ಸಂಜೆ ಶಾಲೆ ಬಿಟ್ಟ ಮೇಲೆ ಅಂಗಡಿ ಮುಂದೆ ಮಕ್ಕಳ ಸೈಕಲ್‌ಗಳು ನಿಲ್ಲುತ್ತವೆ. ಮೊದಲೆಲ್ಲ ಪ್ರಾಜೆಕ್ಟ್‌ಗೆ ಗಾಂಧೀಜಿ ಚಿತ್ರ, ಗ್ರಹಗಳ ಚಿತ್ರ ಪ್ರಿಂಟ್ ತೆಗೆಸೋಕೆ ಬರುತ್ತಿದ್ದರು. ಈಗ ಹತ್ತರಲ್ಲಿ ಆರು ಜನ ಕೇಳುವುದು ಒಂದೇ ಮಾತು. "ಅಣ್ಣಾ, ರಿಡೀಮ್ ಕೋಡ್ ಐತಾ?"

ಈ ಒಂದು ಮಾತಿನ ಬಗ್ಗೆಯೇ ನಿಮಗೆ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು. ಆದರೂ ಪೂರ್ತಿ ಓದಿ ಎಂದು ಕೇಳಿಕೊಳ್ಳುತ್ತೇನೆ. ಯಾಕೆಂದರೆ ಇದರಲ್ಲಿ ಪತ್ರಿಕೆಯವರು ಮಾಡಬಹುದಾದ ಕೆಲಸವೂ ಇದೆ.

ಮೊದಲು ಈ ಪದದ ಗೋಜಲು ಬಿಡಿಸಬೇಕು. ರಿಡೀಮ್ ಕೋಡ್ ಅಂತ ಮಕ್ಕಳು ಎರಡು ಬೇರೆ ಬೇರೆ ವಸ್ತುಗಳಿಗೆ ಹೇಳುತ್ತಾರೆ. ಒಂದು, ಗೂಗಲ್ ಪ್ಲೇ ಕೋಡ್. ಇದನ್ನು ದುಡ್ಡು ಕೊಟ್ಟು ತಗೋಬೇಕು. ನೂರು ರೂಪಾಯಿ ಕೊಟ್ಟರೆ ನೂರು ರೂಪಾಯಿಯ ಕೋಡ್ ಬರುತ್ತದೆ. ಅದನ್ನು ಪ್ಲೇ ಸ್ಟೋರ್‌ನಲ್ಲಿ ಹಾಕಿದರೆ ಆ ದುಡ್ಡು ನಿಮ್ಮ ಖಾತೆಯಲ್ಲಿ ಕೂರುತ್ತದೆ, ಅದರಿಂದ ಆಟದ ಡೈಮಂಡ್, ಅಂದರೆ ಆಟದೊಳಗೆ ನಡೆಯುವ ದುಡ್ಡು, ತಗೋಬಹುದು. ಇನ್ನೊಂದು, ಆಟದ ಕಂಪನಿಯೇ ಪ್ರಚಾರಕ್ಕೆ ಅಂತ ಪುಕ್ಕಟೆ ಬಿಡುವ ಕೋಡ್. ಇದಕ್ಕೆ ಒಂದು ಪೈಸೆಯೂ ಇಲ್ಲ. ಹಬ್ಬಕ್ಕೆ, ಆಟದ ಹುಟ್ಟುಹಬ್ಬಕ್ಕೆ, ಟೂರ್ನಮೆಂಟ್ ನಡೆದಾಗ ಬಿಡುತ್ತಾರೆ. ಸೋಪಿನ ಜೊತೆ ಚಮಚ ಫ್ರೀ ಕೊಡುತ್ತಿದ್ದರಲ್ಲ, ಹಾಗೆ. ಆಟ ಬಿಟ್ಟು ಹೋದವರು ಮತ್ತೆ ಬರಲಿ, ಆಡುವವರು ಇನ್ನೂ ನಾಲ್ಕು ದಿನ ಇರಲಿ ಅಂತ.

ಎರಡಕ್ಕೂ ಹೆಸರು ಒಂದೇ. ಇಲ್ಲೇ ಎಡವಟ್ಟು ಶುರುವಾಗುವುದು. ದುಡ್ಡಿನ ಕೋಡ್ ಯಾವುದು, ಪುಕ್ಕಟೆ ಕೋಡ್ ಯಾವುದು ಅಂತ ದೊಡ್ಡವರಿಗೇ ಗೊತ್ತಿಲ್ಲ. ಆರನೇ ಕ್ಲಾಸಿನ ಮಕ್ಕಳಿಗೆ ಎಲ್ಲಿಂದ ಗೊತ್ತಾಗಬೇಕು?

ಹೋದ ಶ್ರಾವಣದ ಒಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ ನಮ್ಮ ಬೀದಿಯ ಹುಡುಗನೊಬ್ಬ ಬಂದ. ಏಳನೇ ಕ್ಲಾಸು. ಅವನ ತಾಯಿ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುತ್ತಾರೆ. ಹುಡುಗ ಚೀಲದಿಂದ ಗಣಿತದ ನೋಟ್‌ಬುಕ್ ತೆಗೆದ. ಕೊನೆಯ ಹಾಳೆ ತಿರುಗಿಸಿ ಕೌಂಟರ್ ಮೇಲೆ ಇಟ್ಟ. ಒಂದರ ಕೆಳಗೊಂದು ಇಪ್ಪತ್ಮೂರು ಕೋಡ್. ಎಲ್ಲ ಇಂಗ್ಲಿಷ್ ದೊಡ್ಡಕ್ಷರ, ನಡುವೆ ನಡುವೆ ಅಂಕಿ. ಸ್ಕೇಲ್ ಇಟ್ಟು ಗೆರೆ ಎಳೆದು, ಪ್ರತಿ ಕೋಡ್‌ಗೂ ನಂಬರ್ ಹಾಕಿದ್ದ. ಲೆಕ್ಕದ ಉತ್ತರವನ್ನೂ ಅವನು ಅಷ್ಟು ನೀಟಾಗಿ ಬರೆದಿರಲಿಕ್ಕಿಲ್ಲ. ಮೊಬೈಲಿನಲ್ಲಿ ಒಂದು ಸುದ್ದಿ ತಾಣದಲ್ಲಿ "ಇಂದಿನ ಫ್ರೀ ಫೈರ್ ಮ್ಯಾಕ್ಸ್ ರಿಡೀಮ್ ಕೋಡ್‌ಗಳು" ಅಂತ ಬಂದಿತ್ತಂತೆ. ಫ್ರೀ ಫೈರ್ ಮ್ಯಾಕ್ಸ್ ಅಂದರೆ ಮೊಬೈಲಿನಲ್ಲಿ ಆಡುವ ಗುಂಡು ಹಾರಿಸುವ ಆಟ. ಅಮ್ಮನ ಫೋನಿನಲ್ಲಿ ನೋಡಿ ಬರೆದುಕೊಂಡಿದ್ದ.

"ಅಣ್ಣಾ, ಒಂದೂ ತಗೊಳ್ತಿಲ್ಲ. ನಿಮ್ಮ ಕಂಪ್ಯೂಟರ್‌ನಾಗೆ ನೋಡ್ರಿ" ಅಂದ.

ಮಳೆ ಹಿಡಿದಿತ್ತು. ಗಿರಾಕಿ ಇರಲಿಲ್ಲ. ಅವನನ್ನು ಒಳಗೆ ಕರೆದು ಸ್ಟೂಲ್ ಮೇಲೆ ಕೂರಿಸಿದೆ. ಅವನು ಒಂದೊಂದೇ ಅಕ್ಷರ ಓದುವುದು, ನಾನು ಟೈಪ್ ಮಾಡುವುದು ಅಂತ ಮಾತಾಯಿತು.

ಮೊದಲನೇ ಅಡ್ಡಿ ಶುರುವಿನಲ್ಲೇ ಸಿಕ್ಕಿತು. ಹುಡುಗ ಗೆಸ್ಟ್ ಖಾತೆಯಲ್ಲಿ, ಅಂದರೆ ಯಾವ ಲಾಗಿನ್ನೂ ಜೋಡಿಸದೆ, ಆಡುತ್ತಿದ್ದ. ಗೆಸ್ಟ್ ಖಾತೆಗೆ ಕೋಡ್ ನಡೆಯುವುದಿಲ್ಲ. ಇದನ್ನು ಫ್ರೀ ಫೈರ್‌ನ ಗರೀನಾ ಕಂಪನಿ ತನ್ನ ರಿಡೀಮ್ ತಾಣದಲ್ಲೇ ಬರೆದಿದೆ. ಖಾತೆಯನ್ನು ಗೂಗಲ್‌ಗೋ ಫೇಸ್‌ಬುಕ್‌ಗೋ ಜೋಡಿಸಿದ ಮೇಲೆಯೇ ಕೋಡ್ ಹಾಕಬಹುದು. ಇಷ್ಟು ದಿನ ಆ ಹುಡುಗ ತಿಂಗಳುಗಟ್ಟಲೆ ಕೋಡ್ ಹುಡುಕಿದ್ದಾನೆ, ಬರೆದುಕೊಂಡಿದ್ದಾನೆ. ಈ ಒಂದು ಸಾಲು ಅವನಿಗೆ ಯಾರೂ ಹೇಳಿಲ್ಲ. ಅವನ ತಾಯಿಗೆ ಫೋನ್ ಮಾಡಿ, ವಿಷಯ ಹೇಳಿ, ಅವರು ಹೂಂ ಅಂದ ಮೇಲೆ ಅವರ ಗೂಗಲ್ ಖಾತೆಗೆ ಆಟ ಜೋಡಿಸಿದೆವು.

ಆಮೇಲೆ ಕೋಡ್ ಹಾಕೋಕೆ ಶುರು ಮಾಡಿದೆವು. ಒಂದನೆಯದು ಅವಧಿ ಮುಗಿದಿದೆ ಅಂತ ಬಂತು. ಎರಡನೆಯದೂ ಅದೇ. ಮೂರನೆಯದು ತಪ್ಪು ಕೋಡ್ ಅಂತ ಬಂತು. ನೋಟ್‌ಬುಕ್ ಹತ್ತಿರ ಹಿಡಿದು ನೋಡಿದೆ. ಓ ಅಕ್ಷರವೋ ಸೊನ್ನೆಯೋ ಗೊತ್ತಾಗುತ್ತಿರಲಿಲ್ಲ. ಐ ಅಕ್ಷರವೂ ಒಂದೂ ಒಂದೇ ಥರ ಇದ್ದವು. "ನೋಡಪ್ಪ, ಇನ್ಮೇಲೆ ಸೊನ್ನೆ ಬರೆದರೆ ನಡುವೆ ಒಂದು ಅಡ್ಡಗೆರೆ ಎಳಿ" ಅಂದೆ. ನಾನು ಬಿಲ್ ಪುಸ್ತಕದಲ್ಲಿ ಸೀರಿಯಲ್ ನಂಬರ್ ಬರೆಯುವಾಗ ಹಾಗೇ ಮಾಡುತ್ತೇನೆ. ಎರಡೂ ರೀತಿಯಲ್ಲಿ ಹಾಕಿ ನೋಡಿದೆವು. ಆಗಲಿಲ್ಲ. ಎಂಟನೆಯದೋ ಒಂಬತ್ತನೆಯದೋ, ಈ ಕೋಡ್ ನಿಮ್ಮ ಪ್ರದೇಶಕ್ಕೆ ಅಲ್ಲ ಅಂತ ಬಂತು. ಅಂದರೆ ಬೇರೆ ದೇಶದ ಆಟಗಾರರಿಗೆ ಬಿಟ್ಟ ಕೋಡ್ ಅದು. ಅದನ್ನು ಇಲ್ಲಿಯ ಪಟ್ಟಿಯಲ್ಲಿ ಸೇರಿಸಿದ್ದರು.

ಮುಕ್ಕಾಲು ಗಂಟೆ ಆಯಿತು. ಇಪ್ಪತ್ಮೂರೂ ಮುಗಿದವು. ಒಂದೂ ನಡೆಯಲಿಲ್ಲ. ಪ್ರತಿಯೊಂದು ಕೋಡ್‌ನ ಮುಂದೆ ಹುಡುಗ ಪೆನ್ಸಿಲ್‌ನಲ್ಲಿ ಇಂಟು ಹಾಕುತ್ತಾ ಬಂದ. ಕೊನೆಯ ಇಂಟು ಹಾಕಿ ನನ್ನ ಮುಖ ನೋಡಿದ.

"ಅಣ್ಣಾ, ಪೇಪರ್‌ನೋರು ಸುಳ್ಳು ಹಾಕ್ತಾರಾ?"

ನನಗೆ ಉತ್ತರ ಕೊಡೋಕೆ ಆಗಲಿಲ್ಲ. ನಮ್ಮ ತಂದೆ ಪೇಪರ್‌ನಲ್ಲಿ ಬಂದಿದೆ ಅಂದರೆ ಮುಗಿಯಿತು ಅನ್ನುವ ಕಾಲದವರು. ಮಳೆ ಬೆಳೆ ಸುದ್ದಿಯಿಂದ ಹಿಡಿದು ಎಸ್ಸೆಸ್ಸೆಲ್ಸಿ ರಿಸಲ್ಟ್ ವರೆಗೆ ಎಲ್ಲಕ್ಕೂ ಪೇಪರೇ ಗತಿ. ನಾನೂ ಹಾಗೇ ಬೆಳೆದವನು. ಈ ಹುಡುಗ ತನ್ನ ಜೀವನದಲ್ಲಿ ಸುದ್ದಿ ಅಂತ ನಂಬಿ ಓದಿದ ಮೊದಲ ವಿಷಯ ಬಹುಶಃ ಇದೇ ಇರಬೇಕು. ಅದೂ ಕೈಯಲ್ಲಿ ಬರೆದುಕೊಂಡು ಓದಿದ್ದಾನೆ. ಅಂಥವನಿಗೆ ಸಿಕ್ಕಿದ್ದು ಇಪ್ಪತ್ಮೂರು ಇಂಟು.

ಅವತ್ತಿನಿಂದ ಒಂದು ವಾರ ನಾನೇ ಆ ಪಟ್ಟಿ ನೋಡಿದೆ. ಉದ್ರಿ ಪುಸ್ತಕದ ಹಿಂದೆ ಬರೆದಿಟ್ಟೆ. ಸೋಮವಾರ ಇದ್ದ ಕೋಡ್‌ಗಳಲ್ಲಿ ಅರ್ಧಕ್ಕೂ ಜಾಸ್ತಿ ಗುರುವಾರವೂ ಇದ್ದವು. ಮೇಲಿನ ತಾರೀಖು ಮಾತ್ರ ಬದಲಾಗಿತ್ತು. ಹಾಕಿದವರು ಒಂದನ್ನಾದರೂ ಹಾಕಿ ನೋಡಿದ್ದರೆ ಗೊತ್ತಾಗುತ್ತಿತ್ತು. ತರಕಾರಿ ಮಾರುವವರೂ ಮೂರು ದಿನದ ಸೊಪ್ಪನ್ನು ಇವತ್ತಿನದು ಅಂತ ಹೇಳಿ ಕೊಟ್ಟರೆ ಗಿರಾಕಿ ವಾಪಸ್ ತಂದು ಕೇಳುತ್ತಾರೆ. ಮಕ್ಕಳು ಯಾರನ್ನು ಕೇಳಬೇಕು?

ಹಾಗಂತ ಕೋಡ್ ಎಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಿಜವಾದ ಕೋಡ್ ಇವೆ. ಆದರೆ ಅವು ಎಷ್ಟು ಕಡಿಮೆ, ಎಷ್ಟು ಬೇಗ ಮುಗಿಯುತ್ತವೆ ಅನ್ನುವುದನ್ನು ಮಕ್ಕಳಿಗೆ ಹೇಳಬೇಕು.

ಫ್ರೀ ಫೈರ್ ಮ್ಯಾಕ್ಸ್ ಕೋಡ್‌ನಲ್ಲಿ 12 ಇಲ್ಲವೇ 16 ಅಕ್ಷರ ಇರುತ್ತವೆ. ದೊಡ್ಡಕ್ಷರ ಮತ್ತು ಅಂಕಿ ಎರಡೂ ಸೇರಿ. ಹಾಕುವ ಜಾಗ ಗರೀನಾದ ಸ್ವಂತ ರಿಡೀಮ್ ತಾಣ ಮಾತ್ರ. ಆಟದ ಗೊಂಬೆಗೆ ಬಟ್ಟೆ, ಗನ್ ಸ್ಕಿನ್ (ಬಂದೂಕಿನ ಬಣ್ಣದ ಹೊದಿಕೆ) ಥರದ ವಸ್ತು ಬಂದರೆ ಆಟದೊಳಗೆ ಹೋಗಿ ನೋಡಬೇಕು. ಗೋಲ್ಡ್, ಡೈಮಂಡ್ ಬಂದರೆ ತಾನಾಗೇ ಖಾತೆಗೆ ಸೇರುತ್ತದೆ. ಅವಧಿ ಮುಗಿದ ಕೋಡ್ ಯಾರು ಏನೇ ಮಾಡಿದರೂ ನಡೆಯುವುದಿಲ್ಲ.

ಬಿಜಿಎಂಐ, ಅಂದರೆ ಪಬ್ಜಿಯ ಭಾರತದ ಆವೃತ್ತಿ, ಆ ಆಟದ ವಿಷಯ ಕೇಳಿದರೆ ನಿಮಗೆ ಆಶ್ಚರ್ಯ ಆಗುತ್ತದೆ. ಅದನ್ನು ನಡೆಸುವ ಕ್ರಾಫ್ಟನ್ ಕಂಪನಿ 2025ರಲ್ಲಿ ಅಧಿಕೃತ ಕೋಡ್‌ಗಳನ್ನು ಬಿಡಲು ಶುರು ಮಾಡಿತು. ಆಗ ಹಾಕಿದ ನಿಯಮ ಏನು ಗೊತ್ತಾ? ಒಂದು ಕೋಡ್ ಮೊದಲು ಹಾಕಿದ 10 ಜನರಿಗೆ ಮಾತ್ರ. ಬರೀ ಹತ್ತು ಜನ! ಇಡೀ ದೇಶದಲ್ಲಿ ಕೋಟಿಗಟ್ಟಲೆ ಜನ ಆಡುವ ಆಟ ಇದು. ಕೋಡ್ ಬಿಟ್ಟ ಕ್ಷಣಕ್ಕೆ ಕಾದು ಕೂತವರು ಹತ್ತು ಜನ ಎಷ್ಟು ಹೊತ್ತಿಗೆ ಸಿಗುತ್ತಾರೆ? ಕಣ್ಣು ಮಿಟುಕಿಸುವಷ್ಟರಲ್ಲಿ. ಅದನ್ನು ಯಾರೋ ನೋಡಿ, ಪಟ್ಟಿ ಮಾಡಿ, ಸುದ್ದಿ ಬರೆದು, ನಮ್ಮ ನಿಟ್ಟುವಳ್ಳಿಯ ಹುಡುಗ ಶಾಲೆ ಬಿಟ್ಟು ಮನೆಗೆ ಬಂದು ಅಮ್ಮನ ಫೋನ್ ತೆಗೆದು ನೋಡುವ ಹೊತ್ತಿಗೆ ಅದರಲ್ಲಿ ಏನು ಉಳಿದಿರುತ್ತದೆ? ಈ "10 ಜನ" ಅನ್ನುವ ಮಾತು ನಾನು ನೋಡಿದ ಎಷ್ಟೋ ಪಟ್ಟಿಗಳಲ್ಲಿ ಇರಲಿಲ್ಲ. ಇದ್ದಿದ್ದರೆ ಮಕ್ಕಳು ಒಂದು ನಿಮಿಷದಲ್ಲಿ ಅರ್ಥ ಮಾಡಿಕೊಂಡು ಆಡೋಕೆ ಹೋಗುತ್ತಿದ್ದರು.

ನನ್ನ ತಂಗಿಯ ಮಗ ಇಂಜಿನಿಯರಿಂಗ್ ಓದುತ್ತಾನೆ. ಅವನು ಆಡುವುದು ಗೆನ್ಶಿನ್ ಇಂಪ್ಯಾಕ್ಟ್. ಅದರಲ್ಲಿ ಹೊಸ ಆವೃತ್ತಿ ಬರುವ ಮೊದಲು ಕಂಪನಿ ಒಂದು ನೇರಪ್ರಸಾರ ಮಾಡುತ್ತದೆ. ಅದರಲ್ಲಿ ಮೂರು ಕೋಡ್ ತೋರಿಸುತ್ತಾರೆ. ಒಂದೊಂದಕ್ಕೆ 100 ಪ್ರಿಮೊಜೆಮ್, ಅದು ಆ ಆಟದ ಒಳಗಿನ ದುಡ್ಡು. ಸ್ವಲ್ಪ ಸಮಯಕ್ಕೇ ಅವಧಿ ಮುಗಿಯುತ್ತದೆ. ಆಟದಲ್ಲಿ ಒಂದು ಸಲ ಅದೃಷ್ಟ ನೋಡೋಕೆ 160 ಬೇಕು. ಮೂರೂ ಕೋಡ್ ಸೇರಿದರೂ ಎರಡು ಸಲಕ್ಕೆ ಸಾಲುವುದಿಲ್ಲ. "ಮಾಮ, ಅಷ್ಟೇ ಸಿಗೋದು ಅಂತ ನಂಗೆ ಗೊತ್ತು, ಅದಕ್ಕೇ ತಲೆ ಕೆಡಿಸ್ಕೊಳ್ಳಲ್ಲ" ಅನ್ನುತ್ತಾನೆ. ಗೊತ್ತಿರುವವನಿಗೂ ಗೊತ್ತಿಲ್ಲದವನಿಗೂ ಇಷ್ಟೇ ವ್ಯತ್ಯಾಸ.

ಇನ್ನು ಕೋಡ್ ಜನರೇಟರ್ ಅಂತ ಒಂದು ಇದೆ. ಬಟನ್ ಒತ್ತಿದರೆ ಹೊಸ ಹೊಸ ಕೋಡ್ ಹುಟ್ಟಿಸಿ ಕೊಡುತ್ತೇವೆ ಅನ್ನುತ್ತಾರೆ. ಇದು ಶುದ್ಧ ಸುಳ್ಳು. ನಾನು ರೀಚಾರ್ಜ್ ವ್ಯಾಪಾರದವನು, ಇದನ್ನು ಹೀಗೆ ಹೇಳುತ್ತೇನೆ. ಮೊದಲು ಕರೆನ್ಸಿ ಕಾರ್ಡ್ ಬರುತ್ತಿದ್ದವು, ನೆನಪಿದೆಯಾ? ನಾಣ್ಯದಿಂದ ಕಾರ್ಡಿನ ಬೆಳ್ಳಿ ಬಣ್ಣ ಕೆರೆದರೆ ಒಳಗೆ ನಂಬರ್ ಇರುತ್ತಿತ್ತು. ಆ ನಂಬರಿಗೆ ಬೆಲೆ ಬಂದಿದ್ದು ಅದು ಉದ್ದ ಇತ್ತು ಅಂತ ಅಲ್ಲ. ಅದೇ ನಂಬರ್ ಕಂಪನಿಯ ಕಂಪ್ಯೂಟರಿನಲ್ಲೂ ಇತ್ತು, ಅದಕ್ಕೆ. ಯಾರಾದರೂ ಮನೆಯಲ್ಲಿ ಕೂತು ಸುಮ್ನೆ ಒಂದು ಉದ್ದದ ನಂಬರ್ ಬರೆದುಕೊಟ್ಟರೆ ಕರೆನ್ಸಿ ಬೀಳುತ್ತಿತ್ತಾ? ಆಟದ ಕೋಡ್ ಕೂಡ ಹಾಗೇ. ನನ್ನ ತಂಗಿಯ ಮಗ ಲೆಕ್ಕ ಹಾಕಿ ತೋರಿಸಿದ. 26 ಅಕ್ಷರ, 10 ಅಂಕಿ ಇಟ್ಟುಕೊಂಡು 12 ಜಾಗ ತುಂಬಿದರೆ 47 ಲಕ್ಷ ಲಕ್ಷ ಕೋಟಿಗೂ ಜಾಸ್ತಿ ರೀತಿ ಆಗುತ್ತದಂತೆ. ಅದರಲ್ಲಿ ಕಂಪನಿ ಬಿಟ್ಟಿರುವುದು ಬೆರಳೆಣಿಕೆ. ಬಟನ್ ಒತ್ತಿ ಹುಟ್ಟಿಸಿದ ಕೋಡ್ ಅದಕ್ಕೆ ಹೊಂದಿಕೊಳ್ಳುವುದು ಎಲ್ಲಿಂದ ಬಂತು? ರೋಬ್ಲಾಕ್ಸ್ ಅನ್ನುವ ಇನ್ನೊಂದು ಆಟದ ಕಂಪನಿಯಂತೂ ತನ್ನ ಆಟದ ದುಡ್ಡಾದ ರೋಬಕ್ಸನ್ನು ಪುಕ್ಕಟೆ ಹುಟ್ಟಿಸುವ ಯಾವ ಜನರೇಟರೂ ಇಲ್ಲ ಅಂತ ತಾನೇ ಹೇಳಿದೆ.

ಮತ್ತೆ ಆ ಏಳನೇ ಕ್ಲಾಸಿನ ಹುಡುಗನ ವಿಷಯಕ್ಕೆ ಬರುತ್ತೇನೆ. ಪತ್ರ ಬರೆಯಲು ನಿಜವಾದ ಕಾರಣ ಮುಂದೆ ನಡೆದಿದ್ದು.

ಇಪ್ಪತ್ಮೂರು ಇಂಟು ಬಿದ್ದ ಮೇಲೆ ಅವನು ಸುಮ್ಮನಾಗಲಿಲ್ಲ. ಯಾವ ಹುಡುಗ ಸುಮ್ಮನಾಗುತ್ತಾನೆ? ಟೆಲಿಗ್ರಾಂನಲ್ಲಿ ಒಂದು ಗುಂಪು ಹುಡುಕಿದ. ಅಲ್ಲಿ ಒಬ್ಬ "ಪೇಪರ್‌ನಲ್ಲಿ ಬರೋದೆಲ್ಲ ಹಳೇ ಕೋಡ್, ನನ್ನ ಹತ್ತಿರ ಇರೋದು ಗ್ಯಾರಂಟಿ ಕೋಡ್" ಅಂದನಂತೆ. ಅವನ ಮೊದಲ ಮಾತು ನಿಜವೇ ಇತ್ತಲ್ಲ, ಹಾಗಾಗಿ ಎರಡನೆಯದನ್ನೂ ಹುಡುಗ ನಂಬಿದ. ಸಾವಿರ ಡೈಮಂಡ್‌ನ ಕೋಡ್‌ಗೆ ವೆರಿಫಿಕೇಶನ್ ಚಾರ್ಜ್ ಅಂತ 49 ರೂಪಾಯಿ ಕೇಳಿದ. ಕೊಟ್ಟ. ಖಾತೆ ಲಾಕ್ ಆಗಿದೆ ಅಂತ 299 ಕೇಳಿದ. ಕೊಟ್ಟ. ಆಮೇಲೆ ಇದೆಲ್ಲ ವಾಪಸ್ ಬರುತ್ತದೆ, ರೀಫಂಡ್‌ಗೆ ಪಿನ್ ಹಾಕು ಅಂತ ಹೇಳಿ 999, ಮತ್ತೆ 1,500, ಮತ್ತೆ 1,500.

ಎರಡು ದಿನ ಬಿಟ್ಟು ಅವನ ತಾಯಿ ಅಂಗಡಿಗೆ ಬಂದರು. ಭಟ್ಟಿಯಿಂದ ನೇರ ಬಂದಿದ್ದರು, ಕೈಗೆ ಇನ್ನೂ ಮಸಿ ಇತ್ತು. ಫೋನ್ ಅನ್ನು ಸೆರಗಿನಲ್ಲಿ ಒರೆಸಿ ಕೊಟ್ಟರು. "ಅಣ್ಣಾರ, ರೇಷನ್ ತರಾಕೆ ಹೋಗಿದ್ದೆ, ದುಡ್ಡು ಇಲ್ಲ ಅಂತ ತೋರಿಸ್ತು. ಏನಾಗೈತಿ ನೋಡ್ರಿ" ಅಂದರು. ನಾನು ತೆಗೆದು ನೋಡಿದೆ. ಐದು ಸಲ ಹೋಗಿದೆ. ಒಟ್ಟು 4,347 ರೂಪಾಯಿ. ಬೆಂಕಿ ಮುಂದೆ ನಿಂತು ಅಕ್ಕಿ ಹುರಿದು ಗಳಿಸಿದ ದುಡ್ಡು. ದಾವಣಗೆರೆಯ ಮಂಡಕ್ಕಿ ತಿನ್ನುವ ಎಲ್ಲರಿಗೂ ಆ ಭಟ್ಟಿಯ ಶಾಖ ಎಂಥದ್ದು ಅಂತ ಗೊತ್ತಿರಲಿಕ್ಕಿಲ್ಲ. ನಾನು ಹೋಗಿ ನೋಡಿದ್ದೇನೆ. ಬೇಸಿಗೆಯಲ್ಲಿ ಐದು ನಿಮಿಷ ನಿಲ್ಲೋಕೆ ಆಗುವುದಿಲ್ಲ.

ಹುಡುಗನಿಗೆ ಪಿನ್ ಹೇಗೆ ಗೊತ್ತಾಯಿತು ಅಂತ ನೀವು ಕೇಳಬಹುದು. ಆ ತಾಯಿಗೆ ಓದು ಬರುವುದಿಲ್ಲ. ಕರೆಂಟ್ ಬಿಲ್ ಕಟ್ಟುವವನು ಅವನು. ಗ್ಯಾಸ್ ಬುಕ್ ಮಾಡುವವನು ಅವನು. ಬ್ಯಾಂಕಿನಿಂದ ಬಂದ ಮೆಸೇಜ್ ಓದಿ ಹೇಳುವವನೂ ಅವನೇ. ಆ ಮನೆಗೆ ಗುಮಾಸ್ತ ಅವನೇ. ನಮ್ಮ ಬೀದಿಯಲ್ಲಿ ಇಂಥ ಮನೆ ಒಂದೆರಡಲ್ಲ. ಹೀಗಿರುವಾಗ ಫೋನ್ ಕೊಡಬೇಡಿ ಅಂತ ಹೇಳುವುದು ಸುಲಭ. ಯಾರಿಗೆ ಹೇಳುತ್ತಿದ್ದೇವೆ ಅಂತ ಒಂದು ಸಲ ಯೋಚನೆ ಮಾಡಬೇಕು.

ತಕ್ಷಣ 1930ಕ್ಕೆ ಫೋನ್ ಮಾಡಿದೆವು. ಸೈಬರ್ ವಂಚನೆಗೆ ಅಂತಲೇ ಇರುವ ನಂಬರ್ ಅದು. ಯಾವ ಬ್ಯಾಂಕ್, ಎಷ್ಟು ಗಂಟೆಗೆ ಹೋಯಿತು, ಎಷ್ಟು ಹೋಯಿತು, ವಹಿವಾಟಿನ ನಂಬರ್ ಏನು ಅಂತ ಕೇಳಿದರು. ಹೇಳಿದೆವು. ದೂರಿನ ನಂಬರ್ ಬಂತು. ಮಾರನೇ ದಿನ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೂ ಕರೆದುಕೊಂಡು ಹೋದೆ. ದುಡ್ಡು ಇನ್ನೂ ಬಂದಿಲ್ಲ. ಎರಡು ದಿನ ತಡ ಆಗಿತ್ತು. ದುಡ್ಡು ಹೋದ ಗಂಟೆಯೊಳಗೆ ಫೋನ್ ಮಾಡಿದ್ದರೆ ಅದು ಆ ಕಡೆ ಖಾತೆಯಲ್ಲೇ ಸಿಕ್ಕುವ ಸಾಧ್ಯತೆ ಜಾಸ್ತಿ ಇರುತ್ತಿತ್ತು. ಹುಡುಗ ಹೆದರಿ ಹೇಳಿರಲಿಲ್ಲ. ಹೊಡೆಯುತ್ತಾರೆ ಅಂತ. ಆ ತಾಯಿಗೆ ನಾನು ಕೈಮುಗಿದು ಹೇಳಿದ್ದು ಒಂದೇ, ದಯವಿಟ್ಟು ಅವನಿಗೆ ಹೊಡೆಯಬೇಡಿ, ಹೊಡೆದರೆ ಮುಂದಿನ ಸಲವೂ ಹೇಳುವುದಿಲ್ಲ.

ಯುಪಿಐನಲ್ಲಿ ದುಡ್ಡು ಬರೋಕೆ ಪಿನ್ ಬೇಡ. ಪಿನ್ ಹಾಕಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ. ಇದನ್ನು ನಾನು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಆದರೂ ಆ ಹುಡುಗನಿಗೆ ಹೇಳಿರಲಿಲ್ಲ. ಚಿಕ್ಕ ಹುಡುಗ, ಅವನಿಗೆ ಯಾಕೆ ಅಂತ ಬಿಟ್ಟಿದ್ದೆ. ಅದು ನನ್ನ ತಪ್ಪು.

ಇದೇ ಜಾಲದಲ್ಲಿ ಇನ್ನೊಂದು ವಿಧಾನ ಇದೆ, ಅದು ನನ್ನ ಕೌಂಟರ್ ಮೇಲೇ ನಡೆಯುತ್ತದೆ. "ನೂರು ರೂಪಾಯಿ ಗೂಗಲ್ ಪ್ಲೇ ಕೋಡ್ ತಗೊಂಡು ಅದರ ಫೋಟೋ ಕಳಿಸು, ನಾನು ಐನೂರರ ಡೈಮಂಡ್ ಕೋಡ್ ಕೊಡ್ತೀನಿ" ಅನ್ನುತ್ತಾರೆ. ಆ ಕೋಡ್ ಒಂದು ಖಾತೆಗೆ ಹಾಕಿದ ಮೇಲೆ ಇನ್ನೊಂದು ಖಾತೆಗೆ ಹೋಗುವುದಿಲ್ಲ. ಫೋಟೋ ಕಳಿಸಿದ ಮರುಕ್ಷಣ ಅವನು ತನ್ನದಕ್ಕೆ ಹಾಕಿಕೊಳ್ಳುತ್ತಾನೆ. ಹಾಗಾಗಿ ಈಗ ನಾನು ಮಕ್ಕಳಿಗೆ ಪ್ಲೇ ಕೋಡ್ ಕೊಡುವ ಮೊದಲು ಮನೆಗೆ ಫೋನ್ ಮಾಡುತ್ತೇನೆ. ಯಾರಿಗೆ, ಯಾಕೆ ಅಂತ ಕೇಳುತ್ತೇನೆ. ಕೆಲವರು ಬೇಜಾರು ಮಾಡಿಕೊಂಡು ಬೇರೆ ಅಂಗಡಿಗೆ ಹೋಗುತ್ತಾರೆ. ಕಮಿಷನ್ ಹೋಗುತ್ತದೆ. ಹೋಗಲಿ. ದಾವಣಗೆರೆಯ ಬೇರೆ ಅಂಗಡಿಯವರಿಗೂ ನಾನು ಇದನ್ನೇ ಕೇಳಿಕೊಳ್ಳುವುದು, ಒಂದು ಫೋನ್ ಮಾಡಿ. ಎರಡು ನಿಮಿಷದ ಕೆಲಸ.

ಕೆಲವು ಹಿರಿಯರು ಆಟಗಳನ್ನೇ ನಿಲ್ಲಿಸಬೇಕು ಅಂತ ನಿಮಗೆ ಬರೆಯುತ್ತಾರೆ. ಅವರ ಕಾಳಜಿ ನನಗೆ ಅರ್ಥ ಆಗುತ್ತದೆ. ಆದರೆ ಪಬ್ಜಿಯನ್ನು 2020ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿದರು. ಮರುವರ್ಷ ಬಿಜಿಎಂಐ ಬಂತು. ಹಳೆಯ ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ನಿಂತಿತು. ಮಕ್ಕಳು ಮ್ಯಾಕ್ಸ್ ಹಾಕಿಕೊಂಡರು. ಇನ್ನು ಕೆಲವರು ಎಲ್ಲಿಂದಲೋ ಎಪಿಕೆ, ಅಂದರೆ ಪ್ಲೇ ಸ್ಟೋರ್ ಹೊರಗಿನ ಆಪ್ ಫೈಲ್, ಇಳಿಸಿಕೊಂಡು ಹಳೆಯದನ್ನೇ ಆಡಿದರು, ಆ ಎಪಿಕೆ ಜೊತೆ ಫೋನಿಗೆ ಏನೇನು ಬಂತೋ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ನಿಷೇಧಿಸಿದ್ದು ದುಡ್ಡು ಕಟ್ಟಿ ಆಡುವ ಆಟಗಳನ್ನು. ಈ ಗುಂಡು ಹಾರಿಸುವ ಆಟಗಳು ಅದರಲ್ಲಿ ಬರುವುದಿಲ್ಲ. ಅಂದರೆ ಇವು ಇರುತ್ತವೆ. ಮಕ್ಕಳು ಆಡುತ್ತಾರೆ. ಕೋಡ್ ಹುಡುಕುತ್ತಾರೆ. ಒಂದು ಬಣ್ಣದ ಅಂಗಿ ತನ್ನ ಆಟದ ಗೊಂಬೆಗೆ ಸಿಗಲಿ ಅಂತ ಆಸೆ ಪಡುವುದರಲ್ಲಿ ತಪ್ಪೇನಿದೆ? ನಾವು ಚಿಕ್ಕವರಿದ್ದಾಗ ಬೆಂಕಿಪೊಟ್ಟಣದ ಚಿತ್ರ ಕೂಡಿಸಲಿಲ್ವಾ? ದುಗ್ಗಮ್ಮನ ಜಾತ್ರೆಯಲ್ಲಿ ಒಂದು ಪೀಪಿಗೆ ಹಟ ಮಾಡಲಿಲ್ವಾ?

ಅದಕ್ಕೆ ನಿಮ್ಮಲ್ಲಿ ನನ್ನ ಬೇಡಿಕೆ ಹೀಗಿದೆ. ಆಟದ ಕೋಡ್‌ಗಳ ಸುದ್ದಿ ಹಾಕುವುದೇ ಆದರೆ, ಹಾಕುವ ಮೊದಲು ನಿಮ್ಮ ಕಚೇರಿಯಲ್ಲಿ ಯಾರಾದರೂ ಒಬ್ಬರು ಹಾಕಿ ನೋಡಲಿ. ಅದು ಯಾವ ದಿನ ಬಂತು, ಯಾವತ್ತು ಮುಗಿಯುತ್ತದೆ, ಎಷ್ಟು ಜನರಿಗೆ, ಭಾರತದ ಖಾತೆಗೆ ನಡೆಯುತ್ತದಾ ಅನ್ನುವುದನ್ನು ಕೋಡ್ ಪಕ್ಕದಲ್ಲೇ ಬರೆಯಿರಿ. ಗೊತ್ತಿಲ್ಲದಿದ್ದರೆ ಆ ಕೋಡ್ ಬಿಟ್ಟುಬಿಡಿ. ಇಪ್ಪತ್ಮೂರರ ಬದಲು ಎರಡೇ ಇದ್ದರೂ ಸಾಕು. ಒಂದೂ ಇಲ್ಲದಿದ್ದರೆ ಇವತ್ತು ಕೋಡ್ ಇಲ್ಲ ಅಂತ ಹಾಕಿ. ಮಕ್ಕಳು ಅದನ್ನೂ ಒಪ್ಪಿಕೊಳ್ಳುತ್ತಾರೆ, ನಿಜವಾಗಿ ಒಪ್ಪಿಕೊಳ್ಳುತ್ತಾರೆ. ಮತ್ತೆ ಪ್ರತಿ ಸಲವೂ ಒಂದು ಮಾತು ಸೇರಿಸಿ. ಪುಕ್ಕಟೆ ಕೋಡ್‌ಗೆ ಯಾರೂ ದುಡ್ಡು ಕೇಳುವುದಿಲ್ಲ, ಒಟಿಪಿ ಕೇಳುವುದಿಲ್ಲ. ಗೂಗಲ್, ಫೇಸ್‌ಬುಕ್ ಪಾಸ್‌ವರ್ಡನ್ನು ಬೇರೆಯವರಿಗೆ ಬರೆದು ಕಳಿಸುವ ಕೆಲಸ ಅದರಲ್ಲಿ ಇಲ್ಲ. ಕೇಳಿದರೆ ಅದು ಕೋಡ್ ಅಲ್ಲ.

ನಿಮ್ಮ ಮಕ್ಕಳ ಪುಟದಲ್ಲಿ ಒಂದು ಸಲ ಇದನ್ನು ಕಥೆಯ ಥರ ಬರೆಸಿದರೂ ಒಳ್ಳೆಯದು. ಶಾಲೆಯಲ್ಲಿ ಮೇಷ್ಟ್ರುಗಳು ಓದಿ ಹೇಳಬಹುದು. ಮಕ್ಕಳು ದೊಡ್ಡವರ ಮಾತಿಗಿಂತ ಮಕ್ಕಳ ಮಾತನ್ನು ಜಾಸ್ತಿ ಕೇಳುತ್ತಾರೆ ಅಲ್ವಾ.

ತಂದೆ ತಾಯಿಗೆ ಹೇಳುವುದು ಒಂದೇ. ಪ್ಲೇ ಸ್ಟೋರ್ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳು ಅಂತ ಇಡಿ. ಗೊತ್ತಾಗದಿದ್ದರೆ ಹತ್ತಿರದ ಯಾವುದೇ ಮೊಬೈಲ್ ಅಂಗಡಿಗೆ ಹೋಗಿ, ಮಾಡಿಕೊಡುತ್ತಾರೆ. ನಮ್ಮಲ್ಲಿಗೆ ಬಂದರೆ ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ.

ಆ ಹುಡುಗ ಹತ್ತು ದಿನ ಅಂಗಡಿ ಕಡೆ ಬಂದಿರಲಿಲ್ಲ. ನಾನೇ ಒಂದು ದಿನ ಕರೆದೆ. ಅಂಗಡಿಯ ಗಾಜಿಗೆ ಅಂಟಿಸೋಕೆ ಒಂದು ಹಾಳೆ ಬರೆದುಕೊಡು, ನಿನ್ನ ಅಕ್ಷರ ಚೆನ್ನಾಗಿದೆ ಅಂದೆ. ಏನು ಬರೆಯಬೇಕು ಅಂತ ಇಬ್ಬರೂ ಕೂತು ಯೋಚಿಸಿದೆವು. ಜಾಸ್ತಿ ಮಾತು ಅವನದೇ. ಈಗ ಅದು ಗಾಜಿನ ಮೇಲಿದೆ. ಮಕ್ಕಳು ನಿಂತು ಓದುತ್ತಾರೆ. ಅದರ ಝೆರಾಕ್ಸ್ ಒಂದನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಜಾಗ ಇದ್ದರೆ ಅದನ್ನೂ ಹಾಗೇ ಹಾಕಿ. ಕೊನೆಯಲ್ಲಿ 1930 ಅಂತ ದೊಡ್ಡದಾಗಿ ಬರೆದಿದ್ದಾನೆ. ಸೊನ್ನೆಯ ನಡುವೆ ಅಡ್ಡಗೆರೆ ಎಳೆದಿದ್ದಾನೆ.

ಇಂತಿ ನಿಮ್ಮ ಓದುಗ,
ಮೊಬೈಲ್ ಅಂಗಡಿಯವನು,
ನಿಟ್ಟುವಳ್ಳಿ, ದಾವಣಗೆರೆ